ಓದುಗರ ಪ್ರಶ್ನೆ, ನಮ್ಮ ಉತ್ತರ: ಈ ಗಾಳಿ ಬಂದದ್ದೆಲ್ಲಿಂದ?

ಈ ಸಲದ ಅಂಕಣ ಪೂರ್ತಿ ಗಾಳಿಗೇ ಮೀಸಲು. ಹೋದ ಸಂಚಿಕೆಯಲ್ಲಿ ಓಝೋನ್ ಬಗ್ಗೆ ನಾಲ್ಕು ಸಾಲು ಹಾಕಿದ್ವಿ, ಅದಕ್ಕೆ "ಓಝೋನ್ ಹಾಗಿರ್ಲಿ ಸ್ವಾಮಿ, ಆಕ್ಸಿಜನ್ನೇ ಎಲ್ಲಿಂದ ಬಂತು ಅಂತ ಮೊದಲು ಹೇಳಿ" ಅಂತ ಒಬ್ರು ಬರೆದ್ರು, ಆಮೇಲೆ ಅದೇ ಜಾಡಿನಲ್ಲಿ ಪ್ರಶ್ನೆಗಳು ಬರ್ತಾನೇ ಇವೆ. ಒಂದೇ ಥರದವನ್ನ ಸೇರಿಸಿ, ಸ್ವಲ್ಪ ಮೊಟಕು ಮಾಡಿ ಹಾಕಿದೀನಿ.

ಪ್ರಶ್ನೆ: ಭೂಮಿ ಹುಟ್ಟಿದಾಗಲೇ ಅದರ ಸುತ್ತ ಗಾಳಿ ಇತ್ತಾ, ಇಲ್ಲ ಆಮೇಲೆ ಬಂತಾ? ಆಮೇಲೆ ಬಂದಿದ್ರೆ ಎಲ್ಲಿಂದ?

ಉತ್ತರ: ಇತ್ತು, ಹೋಯ್ತು, ಮತ್ತೆ ಬಂತು. ಭೂಮಿಗೆ ಈಗ ಸುಮಾರು 454 ಕೋಟಿ ವರ್ಷ. ಎಳೆ ಸೂರ್ಯನ ಸುತ್ತ ತಿರುಗ್ತಿದ್ದ ಧೂಳು ಮತ್ತು ಗ್ಯಾಸಿನ ನಡುವೆಯೇ ಭೂಮಿ ಉಂಡೆ ಕಟ್ಟಿದ್ದು, ಹಾಗಾಗಿ ಮೊಟ್ಟಮೊದಲು ಅದರ ಮೈಗೆ ಅಂಟಿಕೊಂಡಿದ್ದ ಗಾಳಿ ಅಂದ್ರೆ ಹೈಡ್ರೋಜನ್ ಮತ್ತು ಹೀಲಿಯಂ. ಇವೆರಡೂ ತೀರಾ ಹಗುರ. ಭೂಮಿಯ ಹಿಡಿತದಿಂದ ತಪ್ಪಿಸಿಕೊಳ್ಳೋಕೆ ಸೆಕೆಂಡಿಗೆ 11.2 ಕಿಲೋಮೀಟರ್ ವೇಗ ಬೇಕು, ಆಗಿನ ಬಿಸಿಯಲ್ಲಿ, ಆಗಿನ ಸೂರ್ಯನ ಉಗ್ರ ವಿಕಿರಣದಲ್ಲಿ ಹಗುರ ಗ್ಯಾಸುಗಳಿಗೆ ಅದೇನೂ ಕಷ್ಟ ಆಗ್ಲಿಲ್ಲ. ಸಾಲದ್ದಕ್ಕೆ ಮಂಗಳ ಗ್ರಹದಷ್ಟು ದೊಡ್ಡ ಒಂದು ಕಾಯ ಬಂದು ಭೂಮಿಗೆ ಗುದ್ದಿತು, ಚಂದ್ರ ಹುಟ್ಟಿದ್ದು ಆ ಗುದ್ದಿನಿಂದಲೇ ಅನ್ನೋದು ಈಗ ಹೆಚ್ಚಿನವರು ಒಪ್ಪೋ ಮಾತು, ಆಗ ಕಲ್ಲೇ ಆವಿಯಾಗಿ ಸ್ವಲ್ಪ ಕಾಲ ಕಲ್ಲಿನ ಆವಿಯೇ ಗಾಳಿಯಾಗಿತ್ತು.

ಮೊದಲ ಗಾಳಿ ಹಾರಿಹೋಯ್ತು ಅಂತ ಹೇಗೆ ಗೊತ್ತು ಅಂತ ಕೇಳ್ತೀರಿ. ಇದಕ್ಕೆ ಒಂದು ಸೊಗಸಾದ ಸಾಕ್ಷಿ ಇದೆ, ನಿಯಾನ್. ಸೂರ್ಯನಲ್ಲಿ ನಿಯಾನ್ ಮತ್ತು ನೈಟ್ರೋಜನ್ ಹೆಚ್ಚುಕಮ್ಮಿ ಒಂದೇ ಪ್ರಮಾಣದಲ್ಲಿವೆ. ನಮ್ಮ ಗಾಳಿ ಆ ಮೂಲ ಗ್ಯಾಸಿನ ಉಳಿಕೆಯೇ ಆಗಿದ್ರೆ ಇಲ್ಲೂ ಎರಡೂ ಸಮಸಮ ಇರಬೇಕಿತ್ತು. ಆದ್ರೆ ನೈಟ್ರೋಜನ್ ನೂರಕ್ಕೆ 78 ಇದೆ, ನಿಯಾನ್ ಹತ್ತು ಲಕ್ಷದಲ್ಲಿ ಬರೀ 18. ನಿಯಾನ್ ಯಾವುದರ ಜೊತೆಗೂ ಸೇರೋ ಜಾತಿ ಅಲ್ಲ, ಕಲ್ಲಿನೊಳಗೆ ಅವಿತುಕೊಳ್ಳೋದೂ ಇಲ್ಲ, ಹಾಗಾಗಿ ಮೂಲ ಗಾಳಿ ಹೋದಾಗ ಅದರ ಜೊತೆಗೇ ಹೋಯ್ತು. ನೈಟ್ರೋಜನ್ ಮಾತ್ರ ಬೇರೆ ವಸ್ತುಗಳ ಜೊತೆ ಬೆಸೆದುಕೊಂಡು ಭೂಮಿಯ ಒಳಗೆ ಉಳಿದಿತ್ತು, ಆಮೇಲೆ ಹೊರಬಂತು.

ಹೊರಬಂದದ್ದು ಜ್ವಾಲಾಮುಖಿಗಳಿಂದ. ಇವತ್ತಿಗೂ ಜ್ವಾಲಾಮುಖಿ ಉಗುಳೋ ಗ್ಯಾಸಿನಲ್ಲಿ ಹೆಚ್ಚಿನ ಪಾಲು ನೀರಾವಿ, ಆಮೇಲೆ ಕಾರ್ಬನ್ ಡೈಆಕ್ಸೈಡ್, ಗಂಧಕದ ಗ್ಯಾಸುಗಳು, ಒಂಚೂರು ನೈಟ್ರೋಜನ್. ಆಕ್ಸಿಜನ್ ಇಲ್ಲವೇ ಇಲ್ಲ, ಇದನ್ನ ನೆನಪಿಟ್ಕೊಳ್ಳಿ. ನೀರಾವಿ ತಣ್ಣಗಾಗಿ ಮಳೆಯಾಯ್ತು, ಸಮುದ್ರ ತುಂಬಿತು. ಅದೂ ನಾವಂದುಕೊಂಡಿದ್ದಕ್ಕಿಂತ ಬೇಗ: ಪಶ್ಚಿಮ ಆಸ್ಟ್ರೇಲಿಯಾದ ಜ್ಯಾಕ್ ಹಿಲ್ಸ್‌ನಲ್ಲಿ ಸಿಕ್ಕ ಮರಳಿನ ಕಣದಷ್ಟು ಸಣ್ಣ ಜಿರ್ಕಾನ್ ಹರಳುಗಳಿಗೆ 440 ಕೋಟಿ ವರ್ಷ ವಯಸ್ಸು, ಅವುಗಳೊಳಗಿನ ಆಕ್ಸಿಜನ್ ಪರಮಾಣುಗಳ ಲೆಕ್ಕ ನೋಡಿದ್ರೆ ಆಗಲೇ ಭೂಮಿ ಮೇಲೆ ಹರಿಯೋ ನೀರಿತ್ತು ಅಂತ ಕಾಣತ್ತೆ. ನೀರಿನಲ್ಲಿ ಒಂದಷ್ಟು ಪಾಲು ಆಕಾಶದಿಂದ ಬಿದ್ದ ಕಲ್ಲುಗಳದ್ದು. ಧೂಮಕೇತುಗಳೇ ನೀರು ತಂದ್ವು ಅಂತ ಬಹಳ ಕಡೆ ಬರೀತಾರೆ, ಆದ್ರೆ 2014ರಲ್ಲಿ ರೊಸೆಟ್ಟಾ ನೌಕೆ ಒಂದು ಧೂಮಕೇತುವಿನ ಹತ್ತಿರ ಹೋಗಿ ಅಳೆದಾಗ ಅದರ ನೀರಲ್ಲಿ ಭಾರದ ಹೈಡ್ರೋಜನ್ ನಮ್ಮ ಸಮುದ್ರದ್ದಕ್ಕಿಂತ ಮೂರು ಪಟ್ಟಿಗೂ ಜಾಸ್ತಿ ಇತ್ತು. ಕಾರ್ಬನ್ ತುಂಬಿದ ಒಂದು ಬಗೆಯ ಉಲ್ಕೆಗಳ ನೀರು ನಮ್ಮ ನೀರಿಗೆ ಅದಕ್ಕಿಂತ ಚೆನ್ನಾಗಿ ಹೊಂದತ್ತೆ.

ಪ್ರಶ್ನೆ: ನಾನು ಓದಿದ ಪುಸ್ತಕದಲ್ಲಿ ಮೊದಲ ಗಾಳಿಯಲ್ಲಿ ಮೀಥೇನ್, ಅಮೋನಿಯಾ ತುಂಬಿತ್ತು ಅಂತಿತ್ತು. ಮಗಳ ಪುಸ್ತಕದಲ್ಲಿ ಕಾರ್ಬನ್ ಡೈಆಕ್ಸೈಡ್ ಅಂತಿದೆ. ಯಾವುದು ಸರಿ?

ಉತ್ತರ: ಮಗಳದ್ದು ಹೆಚ್ಚು ಸರಿ. ನಿಮ್ಮ ಪುಸ್ತಕದ್ದು 1953ರ ಸ್ಟ್ಯಾನ್ಲಿ ಮಿಲ್ಲರ್ ಪ್ರಯೋಗದ ಪ್ರಭಾವ. ಅವರು ಗಾಜಿನ ಬುರುಡೆಯೊಳಗೆ ಮೀಥೇನ್, ಅಮೋನಿಯಾ, ಹೈಡ್ರೋಜನ್, ನೀರಾವಿ ತುಂಬಿ ಕಿಡಿ ಹಾರಿಸಿದ್ರು, ಕೆಲವೇ ದಿನದಲ್ಲಿ ಅಮೈನೋ ಆಮ್ಲಗಳು (ಜೀವಿಗಳ ಪ್ರೋಟೀನು ಕಟ್ಟೋ ಇಟ್ಟಿಗೆಗಳು) ಸಿಕ್ವು, ಭಾರೀ ಸುದ್ದಿ ಆಯ್ತು, ಆ ಮಿಶ್ರಣವೇ ಭೂಮಿಯ ಮೊದಲ ಗಾಳಿ ಅಂತ ಪಾಠದಲ್ಲೂ ಸೇರಿಕೊಂಡಿತು. ಆದ್ರೆ ಜ್ವಾಲಾಮುಖಿಗಳಿಂದ ಹಾಗೆ ಬರೋದಿಲ್ಲ. ಅಮೋನಿಯಾ ಅಂತೂ ಬಿಸಿಲಿನ ನೇರಳಾತೀತ ಕಿರಣಕ್ಕೆ ಸಿಕ್ರೆ ಬೇಗ ಒಡೆದುಹೋಗತ್ತೆ. ಕಾರ್ಬನ್ ಡೈಆಕ್ಸೈಡ್, ನೈಟ್ರೋಜನ್, ನೀರಾವಿ ಇವೇ ಮುಖ್ಯ ಅನ್ನೋದು ಈಗಿನ ತಿಳಿವಳಿಕೆ. ಜೀವಿಗಳು ಬಂದ ಮೇಲೆ ಮೀಥೇನ್ ಉಗುಳೋ ಸೂಕ್ಷ್ಮಾಣುಗಳಿಂದ ಅದೂ ಸಾಕಷ್ಟು ಸೇರಿಕೊಂಡಿತು. ಈಗ ಗಾಳಿಗೆ ಬಂದ ಮೀಥೇನ್ ಹತ್ತು ಹನ್ನೆರಡು ವರ್ಷಕ್ಕೆಲ್ಲ ಮುಗಿದುಹೋಗತ್ತೆ, ಆಗ ಆಕ್ಸಿಜನ್ ಇರ್ಲಿಲ್ಲವಲ್ಲ, ಸಾವಿರಾರು ವರ್ಷ ಉಳೀತಿತ್ತು.

ಪ್ರಶ್ನೆ: ಅಷ್ಟೊಂದು ಕಾರ್ಬನ್ ಡೈಆಕ್ಸೈಡ್ ಇದ್ದದ್ದು ಎಲ್ಲಿ ಹೋಯ್ತು? ಶುಕ್ರ ಗ್ರಹದಲ್ಲಿ ಇನ್ನೂ ಹಾಗೇ ಇದೆಯಲ್ಲ?

ಉತ್ತರ: ಕಲ್ಲಾಯ್ತು. ಶುಕ್ರದ ಗಾಳಿಯಲ್ಲಿ ನೂರಕ್ಕೆ 96.5 ಪಾಲು ಕಾರ್ಬನ್ ಡೈಆಕ್ಸೈಡ್, ಒತ್ತಡ ನಮ್ಮದಕ್ಕಿಂತ 90 ಪಟ್ಟು ಜಾಸ್ತಿ, ನೆಲದ ಬಿಸಿ ಸುಮಾರು 465 ಡಿಗ್ರಿ. ಭೂಮಿಯ ಸುಣ್ಣಕಲ್ಲು ಮತ್ತಿತರ ಕಲ್ಲುಗಳೊಳಗೆ ಕಟ್ಟಿಹಾಕಿಕೊಂಡಿರೋ ಕಾರ್ಬನ್ ಅಷ್ಟೂ ಗಾಳಿಗೆ ಬಂದುಬಿಟ್ರೆ ನಮ್ಮದೂ ಹೆಚ್ಚುಕಮ್ಮಿ ಅದೇ ಕಥೆ. ಎರಡು ಗ್ರಹಗಳ ಬಂಡವಾಳ ಒಂದೇ, ಇಟ್ಟ ಜಾಗ ಬೇರೆ.

ಇದಕ್ಕೆ ಕಾರಣ ನೀರು. ಮಳೆನೀರಲ್ಲಿ ಕಾರ್ಬನ್ ಡೈಆಕ್ಸೈಡ್ ಕರಗಿ ಸೌಮ್ಯವಾದ ಆಮ್ಲ ಆಗತ್ತೆ, ಅದು ಬಂಡೆಗಳನ್ನ ಕರಗಿಸತ್ತೆ, ಅದರಿಂದ ಬಿಟ್ಟ ಕ್ಯಾಲ್ಸಿಯಂ ನದಿ ಹಿಡಿದು ಸಮುದ್ರಕ್ಕೆ ಹೋಗಿ ಅಲ್ಲಿ ಸುಣ್ಣವಾಗಿ ತಳಕ್ಕೆ ಕೂರತ್ತೆ. ಕೋಟ್ಯಂತರ ವರ್ಷ ಆದ್ಮೇಲೆ ಸಮುದ್ರದ ತಳ ಭೂಮಿಯೊಳಗೆ ಜಾರಿ, ಬೆಂದು, ಜ್ವಾಲಾಮುಖಿಯಲ್ಲಿ ಅದೇ ಕಾರ್ಬನ್ ಮತ್ತೆ ಹೊರಗೆ. ಇದರಲ್ಲಿ ನನಗೆ ತುಂಬಾ ಇಷ್ಟವಾದ ಅಂಶ ಒಂದಿದೆ. ಭೂಮಿ ಬಿಸಿಯಾದ್ರೆ ಮಳೆ ಜಾಸ್ತಿ, ಬಂಡೆ ಸವೆಯೋದು ಜಾಸ್ತಿ, ಗಾಳಿಯ ಕಾರ್ಬನ್ ಡೈಆಕ್ಸೈಡ್ ಕಮ್ಮಿಯಾಗಿ ಮತ್ತೆ ತಂಪು. ತೀರಾ ತಂಪಾಗಿ ಹಿಮ ಮುಚ್ಚಿಕೊಂಡ್ರೆ ಸವೆತ ನಿಂತುಹೋಗತ್ತೆ, ಜ್ವಾಲಾಮುಖಿ ಮಾತ್ರ ಉಗುಳ್ತಾನೇ ಇರತ್ತೆ, ಮತ್ತೆ ಬಿಸಿ. 1981ರಲ್ಲಿ ವಾಕರ್, ಹೇಸ್, ಕಾಸ್ಟಿಂಗ್ ಅನ್ನೋ ಮೂವರು ಇದನ್ನ ಲೆಕ್ಕ ಹಾಕಿ ತೋರಿಸಿದ್ರು. ಶುರುವಿನಲ್ಲಿ ಸೂರ್ಯನ ಬೆಳಕು ಈಗಿನದಕ್ಕಿಂತ ನೂರಕ್ಕೆ 30ರಷ್ಟು ಕಮ್ಮಿ ಇದ್ರೂ ಸಮುದ್ರಗಳು ಹೆಪ್ಪುಗಟ್ಟದೇ ಉಳಿದದ್ದು ಹೇಗೆ ಅಂತ 1972ರಲ್ಲಿ ಕಾರ್ಲ್ ಸೇಗನ್ ಮತ್ತು ಜಾರ್ಜ್ ಮುಲ್ಲೆನ್ ಎತ್ತಿದ ಪ್ರಶ್ನೆಗೆ ಅರ್ಧಕ್ಕಿಂತ ಹೆಚ್ಚು ಉತ್ತರ ಇದರಲ್ಲೇ ಇದೆ ಅಂತ ನನ್ನ ಅಭಿಪ್ರಾಯ. ಆದ್ರೆ ಈ ವ್ಯವಸ್ಥೆಗೆ ಲಕ್ಷಾಂತರ ವರ್ಷ ಬೇಕು, ನಮ್ಮ ಕಾರ್ಖಾನೆ ಹೊಗೆಗೆ ಇದನ್ನ ನಂಬಿ ಕೂರೋ ಹಾಗಿಲ್ಲ. ಶುಕ್ರದಲ್ಲಿ ನೀರು ಉಳೀಲಿಲ್ಲ, ಕಾರ್ಬನ್ ಕಲ್ಲಾಗೋ ದಾರಿಯೇ ಮುಚ್ಚಿಹೋಯ್ತು.

ಪ್ರಶ್ನೆ: ಆಕ್ಸಿಜನ್ ಗಿಡಮರಗಳಿಂದ ಬಂತು ಅಂತ ಎಲ್ಲರಿಗೂ ಗೊತ್ತು. ಕಾಡೆಲ್ಲ ಕಡಿದ್ರೆ ಎಷ್ಟು ವರ್ಷಕ್ಕೆ ಆಕ್ಸಿಜನ್ ಖಾಲಿ ಆಗತ್ತೆ? ಮತ್ತೊಬ್ಬರದು: ದ್ಯುತಿಸಂಶ್ಲೇಷಣೆ ಶುರುವಾದ ಕೂಡಲೇ ಆಕ್ಸಿಜನ್ ತುಂಬಿತಾ?

ಉತ್ತರ: ಎರಡೂ ಪ್ರಶ್ನೆಯ ಬುಡದಲ್ಲಿರೋದು ಒಂದೇ ತಪ್ಪು ಕಲ್ಪನೆ, ಹಾಗಾಗಿ ಇದಕ್ಕೆ ಸ್ವಲ್ಪ ಜಾಸ್ತಿ ಜಾಗ ತಗೋತೀನಿ.

ಮೊದಲನೆಯದಾಗಿ ಗಾಳಿಗೆ ಆಕ್ಸಿಜನ್ ತುಂಬಿಸೋಕೆ ಶುರುಮಾಡಿದ್ದು ಮರಗಳಲ್ಲ, ನೀರಲ್ಲಿರೋ ಕಣ್ಣಿಗೆ ಕಾಣದ ಸಯನೋಬ್ಯಾಕ್ಟೀರಿಯಾ. ಮರಗಿಡ ನೆಲಕ್ಕೆ ಬಂದದ್ದು ಮೊನ್ನೆ ಮೊನ್ನೆ, ಅಂದ್ರೆ ಸುಮಾರು 47 ಕೋಟಿ ವರ್ಷದ ಹಿಂದೆ. ಆಕ್ಸಿಜನ್ ಗಾಳಿಯಲ್ಲಿ ಮೊದಲು ನಿಂತದ್ದು ಸುಮಾರು 240 ಕೋಟಿ ವರ್ಷದ ಹಿಂದೆ.

ಎರಡನೆಯದು, ಇದೇ ಮುಖ್ಯ. ಗಿಡ ಆಗಲಿ ಬ್ಯಾಕ್ಟೀರಿಯಾ ಆಗಲಿ ಬಿಸಿಲು ಬಳಸಿ ನೀರನ್ನ ಒಡೆದು ಆಕ್ಸಿಜನ್ ಬಿಡತ್ತೆ (ಆ ಆಕ್ಸಿಜನ್ ಬರೋದು ಕಾರ್ಬನ್ ಡೈಆಕ್ಸೈಡ್‌ನಿಂದಲ್ಲ, ನೀರಿನಿಂದ, 1941ರಲ್ಲೇ ಭಾರದ ಆಕ್ಸಿಜನ್ ಬಳಸಿ ಇದನ್ನ ತೋರಿಸಿದ್ರು), ಜೊತೆಗೆ ತನ್ನ ಮೈ ಕಟ್ಟಿಕೊಳ್ಳತ್ತೆ. ಅದು ಸತ್ತು ಕೊಳೆತಾಗ, ಅಥವಾ ಯಾರಾದ್ರೂ ತಿಂದಾಗ, ಅಥವಾ ಸುಟ್ಟಾಗ, ಮೈ ಕಟ್ಟೋವಾಗ ಬಿಟ್ಟಷ್ಟೇ ಆಕ್ಸಿಜನ್ ವಾಪಸ್ ಖರ್ಚು. ಸಂಬಳ ಎಷ್ಟು ದೊಡ್ಡದಿದ್ರೂ ತಿಂಗಳ ಕೊನೆಗೆ ಅಷ್ಟೂ ಖರ್ಚಾದ್ರೆ ಉಳಿತಾಯ ಎಲ್ಲಿಂದ ಬರಬೇಕು? ಉಳಿಯೋದು ಯಾವಾಗ ಅಂದ್ರೆ, ಸತ್ತ ಜೀವಿ ಕೊಳೆಯೋದಕ್ಕೆ ಮೊದಲೇ ಕೆಸರಿನಡಿ ಹೂತುಹೋದಾಗ. ಹಾಗೆ ಹೂತುಹೋಗೋದು ಸಾವಿರದಲ್ಲಿ ಒಂದೆರಡು ಪಾಲು ಅಷ್ಟೇ. ಆ ಹೂತ ಕಾರ್ಬನ್‌ಗೆ ಎದುರಾಗಿ ಅಷ್ಟು ಆಕ್ಸಿಜನ್ ಗಾಳಿಯಲ್ಲಿ ಉಳೀತು. ನಾವು ಈಗ ಉಸಿರಾಡ್ತಿರೋದು ಕೋಟ್ಯಂತರ ವರ್ಷ ಹೂತುಹೋದವರ ಲೆಕ್ಕದ ಬಾಕಿಯನ್ನ.

ಹಾಗಾಗಿ ಕಾಡು ಕಡಿದ್ರೆ ಆಕ್ಸಿಜನ್ ಖಾಲಿ ಆಗಲ್ಲ. ಬೇಕಾದ್ರೆ ಲೆಕ್ಕ ಹಾಕಿ ನೋಡಿ. ಗಾಳಿಯ ಒಟ್ಟು ತೂಕ ಸುಮಾರು 51 ಕೋಟಿ ಕೋಟಿ ಟನ್, ಅದರಲ್ಲಿ ಆಕ್ಸಿಜನ್ ಸುಮಾರು 12 ಕೋಟಿ ಕೋಟಿ ಟನ್. ಭೂಮಿ ಮೇಲಿರೋ ಮರ, ಹುಲ್ಲು, ಪ್ರಾಣಿ, ಬ್ಯಾಕ್ಟೀರಿಯಾ ಎಲ್ಲ ಸೇರಿ ಇರೋ ಕಾರ್ಬನ್ ಅಂದಾಜು 55 ಸಾವಿರ ಕೋಟಿ ಟನ್. ಅಷ್ಟನ್ನೂ ಒಂದೇ ದಿನ ಸುಟ್ಟು ಬೂದಿ ಮಾಡಿದ್ರೂ ಸುಮಾರು ಒಂದೂವರೆ ಲಕ್ಷ ಕೋಟಿ ಟನ್ ಆಕ್ಸಿಜನ್ ಖರ್ಚಾಗತ್ತೆ, ಅಂದ್ರೆ ನೂರಕ್ಕೆ 20.95 ಇರೋದು 20.92ಕ್ಕೆ ಇಳಿಯತ್ತೆ. ಅಮೆಜಾನ್ ಕಾಡು ಭೂಮಿಯ ಶ್ವಾಸಕೋಶ, ನೂರಕ್ಕೆ 20 ಪಾಲು ಆಕ್ಸಿಜನ್ ಅಲ್ಲಿಂದಲೇ ಅಂತ ಹಂಚಿಕೊಳ್ಳೋದನ್ನ ನೋಡಿರ್ತೀರಿ. ಅಲ್ಲಿ ಹುಟ್ಟಿದ್ದು ಹೆಚ್ಚುಕಮ್ಮಿ ಅಲ್ಲೇ ಕೊಳೆತು ಖರ್ಚಾಗತ್ತೆ. ಕಾಡು ಉಳಿಸೋಕೆ ಮಳೆ, ಜೀವಿಗಳು, ಕಾರ್ಬನ್ ಅಂತ ಹತ್ತು ಒಳ್ಳೆ ಕಾರಣ ಇವೆ, ಈ ಸುಳ್ಳು ಕಾರಣ ಯಾಕೆ ಬೇಕು ಅಂತ ನಂಗರ್ಥ ಆಗಲ್ಲ.

ಇನ್ನು ಕೂಡಲೇ ತುಂಬಿತಾ ಅನ್ನೋದು. ಇಲ್ಲ. ಸಯನೋಬ್ಯಾಕ್ಟೀರಿಯಾ 240 ಕೋಟಿ ವರ್ಷಕ್ಕಿಂತ ಬಹಳ ಮೊದಲೇ ಇದ್ದಿರಬೇಕು, ಎಷ್ಟು ಮೊದಲು ಅನ್ನೋದಕ್ಕೆ ಇನ್ನೂ ಜಗಳ ನಡೀತಿದೆ. ಆದ್ರೆ ಬಿಟ್ಟ ಆಕ್ಸಿಜನ್ನನ್ನ ನುಂಗೋರು ಜಾಸ್ತಿ ಇದ್ರು. ಸಮುದ್ರದ ನೀರಿನ ತುಂಬ ಕರಗಿದ ಕಬ್ಬಿಣ, ಆಕ್ಸಿಜನ್ ಸಿಕ್ಕಿದ್ದೇ ತಡ ತುಕ್ಕಾಗಿ ತಳಕ್ಕೆ. ಜ್ವಾಲಾಮುಖಿಯ ಹೈಡ್ರೋಜನ್, ಗಂಧಕದ ಗ್ಯಾಸು, ಅವಕ್ಕೂ ಪಾಲು ಬೇಕು. ಪಶ್ಚಿಮ ಆಸ್ಟ್ರೇಲಿಯಾದ ಹ್ಯಾಮರ್ಸ್ಲಿ ಬೆಟ್ಟಗಳಲ್ಲಿ ಕೆಂಪು ಪಟ್ಟಿ, ಬೂದು ಪಟ್ಟಿ, ಮತ್ತೆ ಕೆಂಪು ಅಂತ ನೂರಾರು ಮೀಟರ್ ದಪ್ಪಕ್ಕೆ ಕಬ್ಬಿಣದ ಪದರಗಳಿವೆ, ಆ ಕಾಲದ ಸಮುದ್ರದ ತಳ ಅದು. ಜಗತ್ತಿನ ಕಬ್ಬಿಣದ ಅದಿರಿನ ದೊಡ್ಡ ಪಾಲು ಇಂಥ ಪಟ್ಟಿಕಲ್ಲುಗಳದ್ದೇ. ಈ ಖರ್ಚುಗಳೆಲ್ಲ ತೀರಿ ಮಿಗುವಷ್ಟಾದಾಗ ಮಾತ್ರ ಆಕ್ಸಿಜನ್ ಗಾಳಿಯಲ್ಲಿ ನಿಂತದ್ದು.

ಆ ಹೊತ್ತು ಗುರುತಿಸಿದ ಬಗೆಯೂ ಚೆನ್ನಾಗಿದೆ. ದಕ್ಷಿಣ ಆಫ್ರಿಕಾದ ವಿಟ್ವಾಟರ್ಸ್‌ರ‍್ಯಾಂಡ್‌ನಲ್ಲಿ ಚಿನ್ನದ ಗಣಿಗಳಿವೆ, ಅಲ್ಲಿಯ ಹಳೇ ನದಿಗಳ ಗರಸಿನಲ್ಲಿ ಚಿನ್ನದ ಜೊತೆ ಪೈರೈಟ್ (ಕಬ್ಬಿಣ, ಗಂಧಕ ಸೇರಿದ ಖನಿಜ) ಮತ್ತು ಯುರೇನಿಯಂ ಅದಿರಿನ ಕಣಗಳು ಸಿಗತ್ವೆ, ಅವು ನದಿಯಲ್ಲಿ ಉರುಳಿ ಉರುಳಿ ನುಣ್ಣಗೆ ಗುಂಡಾಗಿವೆ. ಆಕ್ಸಿಜನ್ ಇರೋ ನೀರಲ್ಲಿ ಇವು ಹಾಗೆ ಉಳಿಯೋದೇ ಇಲ್ಲ, ಪೈರೈಟ್ ತುಕ್ಕು ಹಿಡಿದು ಹೋಗತ್ತೆ, ಯುರೇನಿಯಂ ಕರಗತ್ತೆ. ಅಂದ್ರೆ ಆ ನದಿ ಹರಿಯೋವಾಗ ಗಾಳಿಯಲ್ಲಿ ಆಕ್ಸಿಜನ್ ಇರ್ಲಿಲ್ಲ. 2000ದಲ್ಲಿ ಜೇಮ್ಸ್ ಫರ್ಕ್ಹರ್ ಮತ್ತವರ ಜೊತೆಗಾರರು ಇನ್ನೂ ಗಟ್ಟಿ ಸಾಕ್ಷಿ ತೋರಿಸಿದ್ರು. ಗಂಧಕದ ಪರಮಾಣುಗಳಲ್ಲಿ ತೂಕ ಬೇರೆ ಬೇರೆ ಇರೋ ನಾಲ್ಕು ಬಗೆ ಇವೆ. ಓಝೋನ್ ತಡೆ ಇಲ್ಲದೇ ನೇರಳಾತೀತ ಕಿರಣ ಗಾಳಿಯೊಳಕ್ಕೆ ನುಗ್ಗಿ ಗಂಧಕದ ಗ್ಯಾಸನ್ನ ಒಡೆದಾಗ ಈ ನಾಲ್ಕರ ಅನುಪಾತದಲ್ಲಿ ಒಂದು ವಿಚಿತ್ರ ಏರುಪೇರು ಬರತ್ತೆ. ಹಳೇ ಕಲ್ಲುಗಳಲ್ಲಿ ಆ ಏರುಪೇರು ಇದೆ, ಸುಮಾರು 240 ಕೋಟಿ ವರ್ಷದಿಂದೀಚಿನ ಕಲ್ಲುಗಳಲ್ಲಿ ಅದು ಮಾಯ.

ಆಮೇಲೂ ಒಂದೇ ಏರಿಕೆಯಲ್ಲಿ 21ಕ್ಕೆ ಬರ್ಲಿಲ್ಲ. ನೂರು ಕೋಟಿ ವರ್ಷಕ್ಕೂ ಜಾಸ್ತಿ ಕಾಲ ಆಕ್ಸಿಜನ್ ಈಗಿನ ಪ್ರಮಾಣದ ಒಂದು ಸಣ್ಣ ಭಾಗದಷ್ಟೇ ಇತ್ತು, ಭೂವಿಜ್ಞಾನಿಗಳು ಆ ಅವಧಿಗೆ ತಮಾಷೆಗೆ "ಬೋರಿಂಗ್ ಬಿಲಿಯನ್" ಅಂತಾರೆ. ಸುಮಾರು 80 ಕೋಟಿ ವರ್ಷದಿಂದೀಚೆಗೆ ಮತ್ತೆ ಏರಿತು, ದೊಡ್ಡ ಮೈಯ ಪ್ರಾಣಿಗಳು ಬಂದದ್ದು ಆಮೇಲೇ. ಆಕ್ಸಿಜನ್ ಬಂದದ್ದು ಆಗಿನ ಎಲ್ಲರಿಗೂ ಒಳ್ಳೆ ಸುದ್ದಿ ಆಗಿರ್ಲಿಲ್ಲ ಅನ್ನೋದೂ ಸೇರಿಸಬೇಕು, ಅದು ಹೆಚ್ಚಿನ ಹಳೇ ಸೂಕ್ಷ್ಮಾಣುಗಳಿಗೆ ವಿಷ, ಅವು ಈಗಲೂ ಕೆಸರಿನಾಳದಲ್ಲಿ, ಪ್ರಾಣಿಗಳ ಕರುಳಿನಲ್ಲಿ ಅವಿತು ಬದುಕ್ತಿವೆ. ಬಿಸಿ ಹಿಡಿದಿಡ್ತಿದ್ದ ಮೀಥೇನನ್ನ ಆಕ್ಸಿಜನ್ ನುಂಗಿಹಾಕಿದ್ದರಿಂದಲೇ ಆ ಸುಮಾರಿಗೆ ಭೂಮಿ ಭಾರೀ ಹಿಮಯುಗಕ್ಕೆ ಬಿತ್ತು ಅನ್ನೋ ವಾದವೂ ಇದೆ.

ಪ್ರಶ್ನೆ: ಕಾರ್ಬನ್ ಡೈಆಕ್ಸೈಡ್ ಗಾಳಿಗಿಂತ ಭಾರ ಅಲ್ವಾ, ಮತ್ತೆ ಅದು ನೆಲದ ಮೇಲೆ ಪದರವಾಗಿ ಯಾಕೆ ಕೂತಿಲ್ಲ?

ಉತ್ತರ: ಕೂರೋಕೆ ಬಿಟ್ರೆ ತಾನೇ. ಅಣುಗಳು ಸೆಕೆಂಡಿಗೆ ನೂರಾರು ಮೀಟರ್ ವೇಗದಲ್ಲಿ ಒಂದಕ್ಕೊಂದು ಗುದ್ದಾಡ್ತಿರ್ತವೆ, ಮೇಲಿಂದ ಬೀಸುಗಾಳಿ ಕಲಕ್ತಾನೇ ಇರತ್ತೆ. ಸುಮಾರು 100 ಕಿಲೋಮೀಟರ್ ಎತ್ತರದವರೆಗೂ ಮುಖ್ಯ ಗ್ಯಾಸುಗಳ ಅನುಪಾತ ಹೆಚ್ಚುಕಮ್ಮಿ ಒಂದೇ, ಅದರಾಚೆಗೆ ಮಾತ್ರ ಹಗುರದ್ದು ಮೇಲೆ ಭಾರದ್ದು ಕೆಳಗೆ ಅಂತ ಬೇರೆಯಾಗತ್ತೆ. ಒಮ್ಮೆಗೇ ರಾಶಿ ಬಂದ್ರೆ ಮಾತ್ರ ಕಲಸೋಕೆ ಹೊತ್ತು ಬೇಕಾಗತ್ತೆ. 1986ರ ಆಗಸ್ಟ್‌ನಲ್ಲಿ ಕ್ಯಾಮರೂನ್ ದೇಶದ ನ್ಯೋಸ್ ಅನ್ನೋ ಜ್ವಾಲಾಮುಖಿ ಸರೋವರದ ತಳದಲ್ಲಿ ಕರಗಿ ಕೂತಿದ್ದ ಕಾರ್ಬನ್ ಡೈಆಕ್ಸೈಡ್ ರಾತ್ರಿ ಹೊತ್ತಲ್ಲಿ ಒಂದೇ ಸಲ ಉಕ್ಕಿ, ನೆಲಕ್ಕೆ ಅಂಟಿಕೊಂಡೇ ಕಣಿವೆಗಳಿಗೆ ಹರಿದು 1,700ಕ್ಕೂ ಹೆಚ್ಚು ಜನ ಉಸಿರುಗಟ್ಟಿ ಸತ್ತರು.

ಪ್ರಶ್ನೆ: ಗಾಳಿಯಲ್ಲಿ ಮೂರನೇ ಸ್ಥಾನ ಕಾರ್ಬನ್ ಡೈಆಕ್ಸೈಡ್‌ದು ಅಂದುಕೊಂಡಿದ್ದೆ, ಆರ್ಗಾನ್ ಅಂತೆ! ಯಾವ ಕೆಲಸಕ್ಕೂ ಬಾರದ ಈ ಗ್ಯಾಸು ಅಷ್ಟೊಂದು ಯಾಕಿದೆ?

ಉತ್ತರ: ಕೆಲಸಕ್ಕೆ ಬಾರದಿರೋದಕ್ಕೇ ಅಷ್ಟೊಂದಿದೆ. ಮೊದಲು ಪಟ್ಟಿ ನೋಡಿ: ಒಣಗಾಳಿಯಲ್ಲಿ ನೈಟ್ರೋಜನ್ 78.08, ಆಕ್ಸಿಜನ್ 20.95, ಆರ್ಗಾನ್ 0.93, ಕಾರ್ಬನ್ ಡೈಆಕ್ಸೈಡ್ ಬರೀ 0.04 ಚಿಲ್ಲರೆ. ಒಣಗಾಳಿ ಅಂತ ಯಾಕಂದೆ ಅಂದ್ರೆ ನೀರಾವಿ ಜಾಗ, ಹೊತ್ತು ನೋಡಿ ಸೊನ್ನೆಯ ಹತ್ತಿರದಿಂದ ನೂರಕ್ಕೆ 4ರವರೆಗೂ ಏರಿಳಿಯತ್ತೆ, ಅದನ್ನ ಸೇರಿಸಿದ್ರೆ ಯಾವ ಪಟ್ಟಿಯೂ ನಿಲ್ಲಲ್ಲ.

ಆರ್ಗಾನ್ ಹುಟ್ಟೋದು ಕಲ್ಲಿನೊಳಗೆ. ಪೊಟ್ಯಾಸಿಯಂನಲ್ಲಿ 40 ತೂಕದ ಒಂದು ಬಗೆ ವಿಕಿರಣಶೀಲ, ಪ್ರತಿ 125 ಕೋಟಿ ವರ್ಷಕ್ಕೆ ಅರ್ಧದಷ್ಟು ತಾನಾಗೇ ಬೇರೆ ವಸ್ತುವಾಗತ್ತೆ, ಹಾಗಾದದ್ದರಲ್ಲಿ ಸುಮಾರು ಹತ್ತನೇ ಒಂದು ಪಾಲು ಆರ್ಗಾನ್ ಆಗತ್ತೆ. ಬಂಡೆ ಕರಗಿದಾಗ, ಸವೆದಾಗ ಅದು ಗಾಳಿಗೆ ಬರತ್ತೆ. ಬಂದ ಮೇಲೆ ಯಾರ ಜೊತೆಗೂ ಸೇರಲ್ಲ, ಮಳೆಯಲ್ಲಿ ಇಳಿಯಲ್ಲ, ಹೀಲಿಯಂ ಥರ ಹಾರಿಹೋಗೋಷ್ಟು ಹಗುರವೂ ಅಲ್ಲ. ಭೂಮಿ ಹುಟ್ಟಿದಾಗಿನಿಂದ ಹೊರಬಂದದ್ದು ಹೆಚ್ಚುಕಮ್ಮಿ ಅಷ್ಟೂ ಕೂಡಿಕೊಂಡಿದೆ. ಗಾಳಿಯ ಆರ್ಗಾನ್‌ನಲ್ಲಿ ನೂರಕ್ಕೆ 99.6 ಪಾಲು ಈ ಪೊಟ್ಯಾಸಿಯಂ ಮಗುವೇ.

ಇದನ್ನ ಹಿಡಿದ ಕಥೆ ಹೇಳದಿದ್ರೆ ನಂಗೆ ಸಮಾಧಾನ ಆಗಲ್ಲ. ಇಂಗ್ಲೆಂಡಿನ ಲಾರ್ಡ್ ರೇಲೀ ಗ್ಯಾಸುಗಳ ತೂಕ ತುಂಬಾ ಸೂಕ್ಷ್ಮವಾಗಿ ಅಳೀತಿದ್ರು. ಗಾಳಿಯಿಂದ ಆಕ್ಸಿಜನ್ ಮತ್ತಿತರದ್ದೆಲ್ಲ ತೆಗೆದು ಉಳಿದ ನೈಟ್ರೋಜನ್ ಒಂದು ಗಾಜಿನ ಬುರುಡೆಗೆ ತುಂಬಿದ್ರೆ ಸುಮಾರು 2.31 ಗ್ರಾಂ, ಅದೇ ಬುರುಡೆಗೆ ಅಮೋನಿಯಾದಂಥ ರಾಸಾಯನಿಕದಿಂದ ತೆಗೆದ ನೈಟ್ರೋಜನ್ ತುಂಬಿದ್ರೆ ಸುಮಾರು 2.30. ಬೇರೆ ಯಾರಾಗಿದ್ರೂ ತಕ್ಕಡಿ ಮೇಲೆ ತಪ್ಪು ಹಾಕಿ ಸುಮ್ಮನಾಗಿಬಿಡ್ತಿದ್ರು, ಈ ಮನುಷ್ಯ 1892ರಲ್ಲಿ ನೇಚರ್ ಪತ್ರಿಕೆಗೆ ಕಾಗದ ಬರೆದು, ಹೀಗ್ಯಾಕೆ ಬರ್ತಿದೆ ಯಾರಾದ್ರೂ ಹೇಳ್ತೀರಾ ಅಂತ ಓದುಗರನ್ನೇ ಕೇಳಿದ್ರು. ಆಮೇಲೆ ವಿಲಿಯಂ ರಾಮ್ಸೇ ಜೊತೆ ಸೇರಿಕೊಂಡ್ರು. ರಾಮ್ಸೇ ಗಾಳಿಯ ನೈಟ್ರೋಜನ್ನನ್ನ ಕೆಂಪಗೆ ಕಾದ ಮೆಗ್ನೀಸಿಯಂ ಮೇಲೆ ಮತ್ತೆ ಮತ್ತೆ ಹಾಯಿಸಿ ನೈಟ್ರೋಜನ್ ಅಷ್ಟೂ ಹೀರಿಸಿದ್ರು, ಕೊನೆಗೆ ಏನು ಮಾಡಿದ್ರೂ ಹೀರದ ಒಂಚೂರು ಗ್ಯಾಸು ಉಳೀತು, ಅದರ ಬೆಳಕಿನ ಗೆರೆಗಳು (ಬೆರಳಚ್ಚಿನ ಹಾಗೆ ಒಂದೊಂದು ವಸ್ತುವಿಗೂ ಇವು ಬೇರೆ) ಯಾವ ಗೊತ್ತಿರೋ ವಸ್ತುವಿಗೂ ಹೊಂದ್ಲಿಲ್ಲ. 1894ರಲ್ಲಿ ಪ್ರಕಟಿಸಿದ್ರು, 1904ರಲ್ಲಿ ಒಬ್ಬರಿಗೆ ಭೌತಶಾಸ್ತ್ರದ, ಇನ್ನೊಬ್ಬರಿಗೆ ರಸಾಯನಶಾಸ್ತ್ರದ ನೊಬೆಲ್. ತಮಾಷೆ ಅಂದ್ರೆ 1785ರಲ್ಲೇ ಹೆನ್ರಿ ಕ್ಯಾವೆಂಡಿಶ್ ಇದೇ ಗ್ಯಾಸಿನ ಗುಳ್ಳೆಯನ್ನ ನೋಡಿದ್ರು, ಏನೇ ಮಾಡಿದ್ರೂ ನೂರಿಪ್ಪತ್ತರಲ್ಲಿ ಒಂದು ಪಾಲಿನಷ್ಟು ಗ್ಯಾಸು ಹಾಗೇ ಉಳಿಯತ್ತೆ ಅಂತ ಬರೆದೂ ಇಟ್ಟಿದ್ರು. ನೂರು ವರ್ಷ ಅದನ್ನ ಯಾರೂ ಎತ್ತಿಕೊಳ್ಳಲಿಲ್ಲ.

ಪ್ರಶ್ನೆ: ಮತ್ತೆ ನೈಟ್ರೋಜನ್? ಅದೂ ಸುಮ್ಮನೆ ಕೂತಿರೋದೇನಾ?

ಉತ್ತರ: ಬಹುಪಾಲು ಹಾಗೇ. ಎರಡು ಪರಮಾಣುಗಳ ಬೆಸುಗೆ ತುಂಬಾ ಗಟ್ಟಿ, ಮಿಂಚು ಬೇಕು ಇಲ್ಲ ಕೆಲವು ಬ್ಯಾಕ್ಟೀರಿಯಾಗಳೇ ಬೇಕು ಅದನ್ನ ಬಿಡಿಸೋಕೆ. ಬಿಡಿಸಿ ಮಣ್ಣಿಗೆ ಸೇರಿಸಿದ್ದನ್ನ ಇನ್ನೊಂದು ಗುಂಪಿನ ಬ್ಯಾಕ್ಟೀರಿಯಾ ಮತ್ತೆ ಗಾಳಿಗೆ ಬಿಡತ್ವೆ. ಆದ್ರೆ ಭೂಮಿಯ ನೈಟ್ರೋಜನ್ ಯಾವಾಗಲೂ ಇಷ್ಟೇ ಇತ್ತು ಅಂದುಕೊಳ್ಳಬೇಡಿ, ಮುಂದಿನ ಉತ್ತರ ನೋಡಿ.

ಪ್ರಶ್ನೆ: ಗಾಳಿ ಏನು ಕಲ್ಲಾ, ಉಳಿಯೋಕೆ? ಕೋಟಿ ವರ್ಷದ ಹಿಂದಿನ ಗಾಳಿ ಹೀಗಿತ್ತು ಅಂತ ಹೇಳೋದೆಲ್ಲ ಊಹೆ ತಾನೇ?

ಉತ್ತರ: ಇಂಥ ಅನುಮಾನ ನಂಗಿಷ್ಟ. ಎಂಟು ಲಕ್ಷ ವರ್ಷದವರೆಗಂತೂ ಊಹೆ ಅಲ್ಲ, ಆ ಗಾಳಿಯೇ ಕೈಗೆ ಸಿಕ್ಕಿದೆ. ಅಂಟಾರ್ಕ್ಟಿಕಾದಲ್ಲಿ ಹಿಮ ಬಿದ್ದು ಬಿದ್ದು ಗಟ್ಟಿಯಾಗೋವಾಗ ಮಧ್ಯದ ಗಾಳಿ ಗುಳ್ಳೆಗಳಾಗಿ ಸಿಕ್ಕಿಕೊಳ್ಳತ್ತೆ. ಡೋಮ್ ಸಿ ಅನ್ನೋ ಜಾಗದಲ್ಲಿ ಮೂರು ಕಿಲೋಮೀಟರಿಗೂ ಆಳ ಕೊರೆದು ತೆಗೆದ ಹಿಮದ ಕಂಬವನ್ನ ಒಡೆದು, ಗುಳ್ಳೆಯ ಗಾಳಿ ಅಳೆದ್ರು. ಆ ಎಂಟು ಲಕ್ಷ ವರ್ಷದಲ್ಲಿ ಕಾರ್ಬನ್ ಡೈಆಕ್ಸೈಡ್ ಹತ್ತು ಲಕ್ಷಕ್ಕೆ ಸುಮಾರು 180ರಿಂದ 300ರ ನಡುವೆಯೇ ಓಡಾಡಿಕೊಂಡಿತ್ತು.

ಅದರ ಹಿಂದಕ್ಕೆ ಹೋದ್ರೆ ಗಾಳಿ ಬಿಟ್ಟ ಗುರುತು ಹುಡುಕಬೇಕು. ದಕ್ಷಿಣ ಆಫ್ರಿಕಾದಲ್ಲಿ 270 ಕೋಟಿ ವರ್ಷದ ಹಿಂದೆ ಜ್ವಾಲಾಮುಖಿ ಬೂದಿ ಹಸಿಯಾಗಿದ್ದಾಗ ಸಣ್ಣ ಮಳೆ ಬಿದ್ದಿದೆ, ಹನಿ ಬಿದ್ದ ಗುಂಡಿಗಳು ಹಾಗೇ ಒಣಗಿ, ಮೇಲೆ ಮತ್ತೆ ಬೂದಿ ಮುಚ್ಚಿ, ಕಲ್ಲಾಗಿವೆ. ಗಾಳಿ ದಟ್ಟವಾಗಿದ್ರೆ ಹನಿ ನಿಧಾನ ಬೀಳತ್ತೆ, ಗುಂಡಿ ಚಿಕ್ಕದು. ತೆಳುವಾಗಿದ್ರೆ ಹನಿ ಜೋರು, ಗುಂಡಿ ದೊಡ್ಡದು. 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಂಜಯ್ ಸೋಮ್ ಮತ್ತವರ ಜೊತೆಯವರು ಈಗಿನ ಕಾಲದ ಜ್ವಾಲಾಮುಖಿ ಬೂದಿ ಹರಡಿ, ಎತ್ತರದಿಂದ ಅಳತೆಯ ಹನಿ ಬೀಳಿಸಿ, ಆದ ಗುಂಡಿಗಳನ್ನ ಕಲ್ಲಿನ ಗುಂಡಿಗಳ ಜೊತೆ ಹೋಲಿಸಿದ್ರು. ಆಗಿನ ಗಾಳಿ ಈಗಿನದ್ದರ ಎರಡು ಪಟ್ಟಿಗಿಂತ ದಟ್ಟ ಇದ್ದಿರೋಕೆ ಸಾಧ್ಯವಿಲ್ಲ ಅಂತ ಬಂತು. 2016ರಲ್ಲಿ ಅದೇ ಗುಂಪಿನವರು ಆಸ್ಟ್ರೇಲಿಯಾದ ಅಷ್ಟೇ ಹಳೇ ಲಾವಾದೊಳಗಿನ ಗುಳ್ಳೆಗಳ ಅಳತೆ ತೆಗೆದ್ರು. ಲಾವಾದ ಮೇಲ್ಭಾಗದ ಗುಳ್ಳೆ ಮೇಲೆ ಗಾಳಿಯ ಒತ್ತಡ ಮಾತ್ರ, ತಳದ ಗುಳ್ಳೆ ಮೇಲೆ ಗಾಳಿ ಜೊತೆ ಲಾವಾದ ಭಾರವೂ ಇರತ್ತೆ, ಎರಡರ ವ್ಯತ್ಯಾಸ ನೋಡಿದ್ರೆ ಗಾಳಿಯ ಒತ್ತಡ ಗೊತ್ತಾಗತ್ತೆ. ಉತ್ತರ: ಈಗಿನ ಅರ್ಧಕ್ಕಿಂತಲೂ ಕಮ್ಮಿ. ಹಾಗಾದ್ರೆ ನೈಟ್ರೋಜನ್ ಕೂಡ ಈಗಿನಷ್ಟು ಇರ್ಲಿಲ್ಲ ಅಂತಾಯ್ತು.

ಪ್ರಶ್ನೆ: ಹಿಂದೆ ಆಕ್ಸಿಜನ್ ಜಾಸ್ತಿ ಇದ್ದಾಗ ಹದ್ದಿನಷ್ಟು ದೊಡ್ಡ ಏರೋಪ್ಲೇನ್ ಚಿಟ್ಟೆ ಇತ್ತಂತೆ, ನಿಜವಾ?

ಉತ್ತರ: ಹದ್ದಿನಷ್ಟಲ್ಲ, ಆದ್ರೆ ಮೆಗಾನ್ಯೂರಾ ಅನ್ನೋದರ ರೆಕ್ಕೆಯಗಲ ಎರಡು ಅಡಿಗೂ ಮೀರಿತ್ತು, ಫ್ರಾನ್ಸಿನ ಕಲ್ಲಿದ್ದಲು ಪದರಗಳಲ್ಲಿ ಸಿಕ್ಕಿದೆ. ಸುಮಾರು 30 ಕೋಟಿ ವರ್ಷದ ಹಿಂದೆ ಕಾಡುಗಳು ಜೌಗಿನಲ್ಲಿ ಬಿದ್ದು ಕೊಳೆಯದೇ ಹೂತು ಕಲ್ಲಿದ್ದಲಾದ್ವು, ಮೇಲೆ ಹೇಳಿದ ಲೆಕ್ಕದ ಪ್ರಕಾರ ಆಕ್ಸಿಜನ್ ಏರಿತು, ಅಂದಾಜು ನೂರಕ್ಕೆ 30ರವರೆಗೆ. ಕೀಟಗಳಿಗೆ ಶ್ವಾಸಕೋಶ ಇಲ್ಲ, ಮೈತುಂಬ ಇರೋ ಸಣ್ಣ ಕೊಳವೆಗಳಲ್ಲಿ ಗಾಳಿ ಒಳಗೆ ಹೋಗಬೇಕು, ಆಕ್ಸಿಜನ್ ಜಾಸ್ತಿ ಇದ್ರೆ ದೊಡ್ಡ ಮೈಗೂ ಸಾಕಾಗತ್ತೆ ಅನ್ನೋ ವಿವರಣೆ. ಅವನ್ನ ಹಿಡಿದು ತಿನ್ನೋ ಹಕ್ಕಿಗಳು ಇನ್ನೂ ಹುಟ್ಟಿರ್ಲಿಲ್ಲ ಅನ್ನೋದನ್ನೂ ಮರೀಬಾರದು.

ಪ್ರಶ್ನೆ: ನಮ್ಮ ಗಾಳಿ ಸೋರಿ ಹೋಗ್ತಿದೆಯಾ?

ಉತ್ತರ: ಹೌದು, ಸೆಕೆಂಡಿಗೆ ಸುಮಾರು ಮೂರು ಕೆಜಿ ಹೈಡ್ರೋಜನ್ ಮತ್ತು 50 ಗ್ರಾಂ ಹೀಲಿಯಂ. ಗಾಬರಿ ಬೇಡ, ಒಟ್ಟು ತೂಕ ಮೇಲೆ ಕೊಟ್ಟಿದೀನಲ್ಲ.

ಪ್ರಶ್ನೆ: 0.03 ಇದ್ದದ್ದು 0.04 ಆದ್ರೆ ಏನು ಮಹಾ? ಅದೂ ಮನುಷ್ಯರಿಂದಲೇ ಅಂತ ಹೇಗೆ ಹೇಳ್ತೀರಿ, ಜ್ವಾಲಾಮುಖಿಯಿಂದಲೂ ಆಗಿರಬಹುದಲ್ಲ?

ಉತ್ತರ: ನೈಟ್ರೋಜನ್, ಆಕ್ಸಿಜನ್, ಆರ್ಗಾನ್ ಮೂರೂ ನೆಲದಿಂದ ಮೇಲೇಳೋ ಶಾಖಕ್ಕೆ ಹೆಚ್ಚುಕಮ್ಮಿ ಪಾರದರ್ಶಕ. ಅಂದ್ರೆ ಗಾಳಿಯ ನೂರಕ್ಕೆ 99.9 ಪಾಲು ಈ ವಿಷಯದಲ್ಲಿ ಲೆಕ್ಕಕ್ಕೇ ಇಲ್ಲ, ಶಾಖ ಹಿಡಿಯೋ ಕೆಲಸ ಪೂರ್ತಿ ಆ ಚಿಲ್ಲರೆಯದ್ದು ಮತ್ತು ನೀರಾವಿಯದ್ದು. ಚಿಲ್ಲರೆಯಲ್ಲಿ ಅರ್ಧದಷ್ಟು ಜಾಸ್ತಿಯಾದ್ರೆ ಸಣ್ಣದಲ್ಲ: ಕಾರ್ಖಾನೆ ಯುಗಕ್ಕೆ ಮೊದಲು ಹತ್ತು ಲಕ್ಷಕ್ಕೆ 280, ಈಗ 420 ದಾಟಿದೆ.

ಜ್ವಾಲಾಮುಖಿ ಅನ್ನೋದಕ್ಕೆ ಉತ್ತರ ಆಕ್ಸಿಜನ್ ಹೇಳತ್ತೆ. ಚಾರ್ಲ್ಸ್ ಕೀಲಿಂಗ್ 1958ರಿಂದ ಹವಾಯಿಯ ಮೌನಾ ಲೋವಾದಲ್ಲಿ ಕಾರ್ಬನ್ ಡೈಆಕ್ಸೈಡ್ ಅಳೆಯೋಕೆ ಶುರುಮಾಡಿದ್ರು, ಅವರ ಮಗ ರಾಲ್ಫ್ ಕೀಲಿಂಗ್ ಅದಕ್ಕಿಂತ ಕಷ್ಟದ ಕೆಲಸ ಹಿಡಿದ್ರು, ಆಕ್ಸಿಜನ್‌ನ ಅತಿ ಸಣ್ಣ ಬದಲಾವಣೆ ಅಳೆಯೋದು. ವರ್ಷಕ್ಕೆ ಹತ್ತು ಲಕ್ಷದಲ್ಲಿ ನಾಲ್ಕರಷ್ಟು ಇಳೀತಿದೆ. ಉಸಿರಾಟಕ್ಕೆ ಇದರಿಂದ ಏನೂ ತೊಂದರೆ ಇಲ್ಲ, ಆದ್ರೆ ಜ್ವಾಲಾಮುಖಿ ಕಾರ್ಬನ್ ಡೈಆಕ್ಸೈಡ್ ಉಗುಳೋವಾಗ ಗಾಳಿಯ ಆಕ್ಸಿಜನ್ ಹೀಗೆ ಖರ್ಚಾಗಲ್ಲ, ಏನಾದ್ರೂ ಉರಿದ್ರೆ ಮಾತ್ರ ಆಗತ್ತೆ. ಇನ್ನು ಉರೀತಿರೋದು ಹಳೇ ಇಂಧನವೇ ಅನ್ನೋದಕ್ಕೆ ಕಾರ್ಬನ್ 14 ಸಾಕ್ಷಿ, ಅದು ಕಾಲ ಕಳೆದ ಹಾಗೆ ತಾನಾಗೇ ಕಮ್ಮಿಯಾಗೋ ವಿಕಿರಣಶೀಲ ಬಗೆಯ ಕಾರ್ಬನ್. ಕಲ್ಲಿದ್ದಲು, ಪೆಟ್ರೋಲ್‌ನಲ್ಲಿ ಅದು ಕರಗಿ ಮುಗಿದು ಎಷ್ಟೋ ಕಾಲ ಆಗಿದೆ, ಹಾಗಾಗಿ ಅವನ್ನ ಸುಟ್ಟಷ್ಟೂ ಗಾಳಿಯ ಕಾರ್ಬನ್‌ನಲ್ಲಿ ಅದರ ಪಾಲು ತೆಳುವಾಗತ್ತೆ. ಹಾನ್ಸ್ ಸ್ಯೂಸ್ ಇದನ್ನ 1955ರಲ್ಲೇ ಮರದ ಉಂಗುರಗಳಲ್ಲಿ ಗುರುತಿಸಿದ್ರು.

ಪ್ರಶ್ನೆ: ಮುಂದೆ? ಈ ಗಾಳಿ ಹೀಗೇ ಇರತ್ತಾ?

ಉತ್ತರ: ಇರಲ್ಲ, ಆದ್ರೆ ಟೈಮಿದೆ. ಸೂರ್ಯ ನಿಧಾನಕ್ಕೆ ಇನ್ನೂ ಪ್ರಕಾಶಮಾನ ಆಗ್ತಿದ್ದಾನೆ. ಬಿಸಿ ಏರಿದ ಹಾಗೆ ಬಂಡೆ ಸವೆತ ಜಾಸ್ತಿಯಾಗಿ ಕಾರ್ಬನ್ ಡೈಆಕ್ಸೈಡ್ ಇಳೀತಾ ಹೋಗತ್ತೆ, ಒಂದು ಮಟ್ಟಕ್ಕಿಂತ ಕೆಳಗೆ ಗಿಡಗಳಿಗೆ ಊಟವೇ ಇಲ್ಲ. ಕಝುಮಿ ಒಝಾಕಿ ಮತ್ತು ಕ್ರಿಸ್ಟೋಫರ್ ರೀನ್‌ಹಾರ್ಡ್ 2021ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಆಕ್ಸಿಜನ್ ತುಂಬಿದ ಗಾಳಿಗೆ ಇನ್ನು ಸುಮಾರು 108 ಕೋಟಿ ವರ್ಷ ಆಯಸ್ಸು. ಆಮೇಲೆ ಅದು 240 ಕೋಟಿ ವರ್ಷಕ್ಕೂ ಹಿಂದಿದ್ದ ಮಟ್ಟಕ್ಕೆ, ಅದೂ ಸಾಕಷ್ಟು ಬೇಗನೇ, ಕುಸಿಯತ್ತೆ, ಮೀಥೇನ್ ಮತ್ತೆ ಏರತ್ತೆ, ಓಝೋನ್ ಹೋಗತ್ತೆ, ಮತ್ತು ಇದೆಲ್ಲ ಸಮುದ್ರಗಳು ಆವಿಯಾಗಿ ಮುಗಿಯೋದಕ್ಕಿಂತ ಮೊದಲೇ ಆಗಬಹುದು ಅಂತಾರೆ ಅವರು.